ಅವಳಿಗೆ ಹೇಳದ ಹೆಸರು

ಜುಲೈ 3, ಗುರುವಾರ

ನಿವೃತ್ತಿಯಾದ ಮೇಲೆ ಡೈರಿ ಬರೆಯುವುದನ್ನು ಬಿಟ್ಟಿದ್ದೆ. ಕೆಎಸ್‌ಆರ್‌ಟಿಸಿಯಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದಾಗ ದಿನವೂ ಬರೆಯಲೇಬೇಕಿತ್ತು: ಯಾವ ಬಸ್ಸು, ಎಲ್ಲಿ ಹತ್ತಿದೆ, ಎಲ್ಲಿ ಇಳಿದೆ, ಟಿಕೆಟ್ ಇಲ್ಲದೆ ಎಷ್ಟು ಜನ ಸಿಕ್ಕಿದರು. ಈಗ ಕೇಳುವ ಮೇಲಧಿಕಾರಿ ಯಾರೂ ಇಲ್ಲ. ಆದರೆ ಎಲ್ಲಾದರೂ ಒಂದು ಕಡೆ ಬರೆಯದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ಬೆಳಿಗ್ಗೆ ನಾನೂ ಮಗಳು ಸಿಂಚನಳೂ ಹೋಗಿ ನನ್ನ ಹೆಂಡತಿ ದೇವಿರಮ್ಮನ ರಿಪೋರ್ಟ್ ತಂದೆವು. ದೊಡ್ಡ ಕರುಳಿನ ಕ್ಯಾನ್ಸರ್. ಲಿವರಿಗೂ ಹೋಗಿದೆಯಂತೆ, ನಾಲ್ಕು ಕಡೆ. ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಇಪ್ಪತ್ತಾರು ವರ್ಷದ ಹುಡುಗಿ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಎಲ್ಲರೆದುರಿಗೆ ಗಟ್ಟಿಯಾಗಿ ಅತ್ತಳು. ನಾನು ಅಳಲಿಲ್ಲ. ಮನೆಯಲ್ಲಿ ದೇವಿಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ಯೋಚಿಸುತ್ತಿದ್ದೆ.

ಫೋನು ಮಾಡಿದ್ದಕ್ಕೆ ದೇವಿಯ ಅಣ್ಣ ಪುಟ್ಟಣ್ಣ ನರಸೀಪುರದ ಕಡೆಯಿಂದ ಮಧ್ಯಾಹ್ನವೇ ಬಂದ. ಮನೆಯೊಳಕ್ಕೆ ಬರುವ ಮೊದಲೇ ನನ್ನನ್ನು ಬೀದಿಯ ತಿರುವಿಗೆ ಎಳೆದುಕೊಂಡು ಹೋದ.

‘ಭಾವ, ಅವಳಿಗೆ ಹೆಸ್ರು ಹೇಳ್ಬ್ಯಾಡಿ. ನಮ್ಮವ್ವಂಗೆ ಹೇಳಿದ್ ದಿನದಿಂದ ಅನ್ನ ಬುಟ್ಬುಟ್ಲು. ಗ್ವಾಡೆ ಕಡೀಕ್ ತಿರುಗ್ಕಂಡು ಮಲಗ್ದೋಳು ಏಳ್ನೇ ಇಲ್ಲ. ಕಾಯಿಲೆ ಕೊಲ್ಲಕ್ ಮುಂಚೆ ಹೆಸ್ರೇ ಕೊಂದಾಕ್ತು.’

ಹಿಂದೆಯೇ ಬಂದಿದ್ದ ಸಿಂಚನ ‘ಹೇಳ್ದೆ ಹೆಂಗ್ ಮಾವ ಟ್ರೀಟ್‌ಮೆಂಟ್ ಕೊಡ್ಸೋದು?’ ಎಂದಳು. ನಾನು ಅವಳ ಬಾಯಿ ಮುಚ್ಚಿಸಿದೆ. ತೀರ್ಮಾನ ನನ್ನದು, ನಾನೇ ಮಾಡಿದೆ.

ಒಳಗೆ ಬಂದು ‘ಕರುಳಲ್ಲಿ ಹುಣ್ಣಂತೆ ಕಣೆ. ಡ್ರಿಪ್ ಹಾಕಿದ್ರೆ ಒಣಗುತ್ತಂತೆ. ಆದರೆ ಬಾಯಿ ಕಟ್ಟಬೇಕು, ಖಾರ, ಮಟನ್ ಏನೂ ಮುಟ್ಟೋ ಹಾಗಿಲ್ಲ’ ಎಂದೆ. ಖಾರ, ಮಟನ್ನಿನ ಮಾತನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಹುಣ್ಣೆಂದ ಮೇಲೆ ಪಥ್ಯವೂ ಇರಬೇಕಲ್ಲ, ಅದಕ್ಕೆ ಸೇರಿಸಿದೆ. ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕು.

‘ಅಷ್ಟೇ ತಾನೆ?’ ಎಂದಳು. ‘ನಿಮ್ ಮೂತಿ ನೋಡಿ ಏನೋ ಎಂತೋ ಅಂದ್ಕೊಂಡ್ಬುಟ್ಟೆ.’

ಜುಲೈ 8, ಮಂಗಳವಾರ

ಡಾಕ್ಟರ ಹೆಸರು ಚೈತನ್ಯ. ಸಿಂಚನಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಮೊದಲು ನೋಡಿ, ಇಂಥ ಎಳೆ ಹುಡುಗಿಯ ಕೈಗೆ ನನ್ನ ಹೆಂಡತಿಯನ್ನು ಕೊಡಬೇಕೇ ಅನ್ನಿಸಿತ್ತು. ಆದರೆ ಅರ್ಧ ಗಂಟೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಮರೆಯುವ ಮೊದಲು ಬರೆದಿಟ್ಟುಕೊಳ್ಳುತ್ತೇನೆ.

‘ನಮ್ಮ ಮೈಯ ಪ್ರತಿ ಜೀವಕೋಶಾನೂ ತನ್ನೊಳಗೆ ಮಾಡೋ ಪ್ರೋಟೀನುಗಳನ್ನ ಚೂರು ಮಾಡಿ, ಆ ಚೂರುಗಳನ್ನ ಹೊರಗೋಡೆ ಮೇಲೆ ಹಿಡ್ಕೊಂಡು ತೋರಿಸ್ತಾ ಇರುತ್ತೆ. ಒಳಗೆ ಏನು ನಡೀತಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಟಿ ಕೋಶಗಳು ಅಂತ ಕಾವಲಿನವು ಇದಾವೆ. ಮೈಯೆಲ್ಲ ಸುತ್ತುತ್ತಾ ಆ ಚೂರುಗಳನ್ನ ಮುಟ್ಟಿ ಮುಟ್ಟಿ ನೋಡ್ತವೆ. ಒಂದೊಂದಕ್ಕೂ ಒಂದೊಂದು ಥರದ ಚೂರು ಮಾತ್ರ ಗುರುತು ಸಿಗೋದು. ನಮ್ಮದೇ ಒಳ್ಳೇ ಚೂರು ಕಂಡು ಮೇಲೆ ಬೀಳೋ ಅಂಥವನ್ನ, ಎದೆಮೂಳೆ ಹಿಂದೆ ಒಂದು ಗ್ರಂಥಿ ಇದೆ, ಅದು ಚಿಕ್ಕಂದಿನಲ್ಲೇ ಹೆಚ್ಚುಕಮ್ಮಿ ಸೋಸಿ ತೆಗೆದುಬಿಟ್ಟಿರುತ್ತೆ. ಉಳಿದವು ನಮ್ಮದಲ್ಲದ್ದನ್ನ ಹಿಡೀತವೆ.’

ಕ್ಯಾನ್ಸರ್ ಕೋಶದಲ್ಲಿ ಜೀನು ಕೆಟ್ಟು ಪ್ರೋಟೀನೂ ಮಾರ್ಪಟ್ಟಿರುತ್ತದಂತೆ. ಅದರ ಚೂರು ಹೊರಗೆ ಬಂದಾಗ ಕಾವಲಿನವಕ್ಕೆ ಇದು ನಮ್ಮದಲ್ಲ ಎಂದು ಗೊತ್ತಾಗಬೇಕು. ದೇವಿಯ ಗೆಡ್ಡೆಯಲ್ಲಿ ತಪ್ಪು ತಿದ್ದುವ ವ್ಯವಸ್ಥೆಯೇ ಹಾಳಾಗಿ, ಅದರಲ್ಲಿ ಸಾವಿರಾರು ತಪ್ಪುಗಳಿವೆಯಂತೆ. ‘ಒಂದು ಲೆಕ್ಕದಲ್ಲಿ ಅದೇ ಒಳ್ಳೇದು’ ಎಂದರು. ‘ತಪ್ಪು ಹೆಚ್ಚಿದಷ್ಟೂ ಗುರುತು ಹಿಡಿಯೋದು ಸುಲಭ.’

‘ಹಾಗಿದ್ರೆ ಇಷ್ಟು ದಿನ ಯಾಕೆ ಹಿಡೀಲಿಲ್ಲ ಮೇಡಂ?’

‘ಹಿಡಿಯೋಕೆ ಬಂದಾಗ ಗೆಡ್ಡೆ ಆ ಕಾವಲಿನ ಕೋಶದ ಮೇಲಿರೋ ಒಂದು ಗುಂಡಿ ಒತ್ತುತ್ತೆ. ನಾನು ನಿಮ್ಮೋನೇ, ಮುಂದೆ ಹೋಗು ಅಂತ. ಅದು ಸುಮ್ಮನೆ ಹೋಗಿಬಿಡುತ್ತೆ. ನಾವು ಕೊಡೋ ಔಷಧಿ ಆ ಗುಂಡಿ ಒತ್ತೋಕೆ ಬಿಡಲ್ಲ.’

ನನಗೆ ತಕ್ಷಣ ಅರ್ಥವಾಯಿತು. ಬಸ್ಸಿನಲ್ಲಿ ಕೆಲವರು ಟಿಕೆಟ್ ಕೇಳಿದರೆ ಕಣ್ಣು ಮಿಟುಕಿಸದೆ ‘ಸ್ಟಾಫ್’ ಎನ್ನುತ್ತಾರೆ. ಹೊಸ ಇನ್ಸ್‌ಪೆಕ್ಟರುಗಳು ಸರಿ ಎಂದು ಮುಂದಿನ ಸೀಟಿಗೆ ಹೋಗುತ್ತಾರೆ. ನಾನು ಹೋಗುತ್ತಿರಲಿಲ್ಲ. ಯಾವ ಡಿಪೋ, ಬಿಲ್ಲೆ ನಂಬರ್ ಎಷ್ಟು ಎಂದು ಕೇಳಿದರೆ ಮುಖದಲ್ಲೇ ಉತ್ತರ ಸಿಗುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿದವರು ಕಡಿಮೆ.

ಒಂದು ಅಪಾಯವಿದೆಯಂತೆ. ತಡೆ ತೆಗೆದ ಮೇಲೆ ಕಾವಲಿನವು ಕೆಲವೊಮ್ಮೆ ಒಳ್ಳೆಯ ಅಂಗಗಳ ಮೇಲೂ ಬೀಳುತ್ತವೆ, ಅದರಲ್ಲೂ ಕರುಳಿನ ಮೇಲೆ. ‘ಭೇದಿ ಶುರುವಾದ್ರೆ ಅದೇ ದಿನ ಫೋನ್ ಮಾಡಬೇಕು, ಪುಟ್ಟಸ್ವಾಮಿಯವರೇ. ಬೇಗ ಗೊತ್ತಾದ್ರೆ ಮಾತ್ರೆಯಲ್ಲೇ ಹಿಡೀಬಹುದು. ತಡವಾದ್ರೆ ಕರುಳೇ ತೂತಾಗುತ್ತೆ.’ ಇದನ್ನೆಲ್ಲ ಅಚ್ಚು ಹಾಕಿದ ಒಂದು ಕಾರ್ಡು ಕೊಟ್ಟರು. ರೋಗಿಯ ಕೈಯಲ್ಲೇ ಇರಬೇಕಂತೆ.

‘ಅವರಿಗೆ ಕಾಯಿಲೆ ಏನು ಅಂತ ಹೇಳಿದ್ದೀರಿ ತಾನೆ?’

‘ಹೇಳಿದ್ದೀನಿ ಮೇಡಂ’ ಎಂದೆ.

ಜುಲೈ 10, ಗುರುವಾರ

ಮೊದಲನೇ ಡ್ರಿಪ್ ಆಯಿತು. ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ತಲೆಯಲ್ಲಿ ಕೂದಲಿಲ್ಲ. ‘ಯಾಕ್ರೀ ಇವ್ರೆಲ್ಲ ಬೋಳು?’ ಎಂದಳು. ‘ತಿರುಪತಿಗೆ ಹೋಗಿ ಬಂದಿರಬೇಕು’ ಎಂದೆ. ‘ಪಾಪ, ಹುಣ್ಣು ವಾಸಿ ಆಗ್ಲಿ ಅಂತ ಹರಕೆ ಕಟ್ಕೊಂಡಿರ್ತಾರೆ’ ಎಂದು ತಾನೇ ಮುಂದುವರಿಸಿದಳು.

ಡಾಕ್ಟರು ಬಂದು ‘ಎಲ್ಲ ಹೇಳಿದ್ದಾರಾ ನಿಮ್ಮೋರು?’ ಎಂದು ಕೇಳಿದರು. ‘ಹೂಂ ಕಣಮ್ಮ, ಎಲ್ಲ ಹೇಳವ್ರೆ’ ಎಂದಳು ದೇವಿ.

ಕಾರ್ಡಿನ ತಲೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಕ್ಯಾನ್ಸರ್ ಚಿಕಿತ್ಸೆ’ ಎಂದಿದೆ. ಏಳನೇ ಕ್ಲಾಸು ಓದಿದವಳು, ಪೇಪರಿನ ಮೂಲೆಮೂಲೆ ಓದುತ್ತಾಳೆ. ಬೀರುವಿನಲ್ಲಿ ನನ್ನ ಹಳೆ ಖಾಕಿ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ. ಭೇದಿಯ ವಿಷಯ ಅವಳಿಗೆ ಹೇಳಿದರೆ ಯಾಕೆ, ಏನು ಎಂದು ಬಿಡದೆ ಕೇಳುತ್ತಾಳೆ. ದಿನಾ ನಾನೇ ಹೊಟ್ಟೆ ವಿಚಾರಿಸಿಕೊಂಡರೆ ಆಯಿತು. ಒಂದೇ ಮನೆಯಲ್ಲಿ ನನ್ನ ಕಣ್ಣು ತಪ್ಪಿಸಿ ಏನು ನಡೆದೀತು.

ಜುಲೈ 31, ಗುರುವಾರ

ಎರಡನೇ ಡ್ರಿಪ್. ಸುಸ್ತು. ಎರಡು ಕೆಜಿ ಇಳಿದಿದ್ದಾಳೆ.

ಆಗಸ್ಟ್ 13, ಬುಧವಾರ

ಬೆಳಿಗ್ಗೆ ಹಾಲು ತರಲು ಹೋದವನು ದಾರಿಯಲ್ಲಿ ನಿಂತುಬಿಟ್ಟೆ. ಯಾಕೆ ನಿಂತೆನೋ ಗೊತ್ತಿಲ್ಲ. ಎದುರು ಮನೆ ಸರೋಜಮ್ಮ ‘ಏನಣ್ಣ, ಇಲ್ಲೇ ನಿಂತ್ಬುಟ್ರಿ’ ಎಂದು ಕೇಳಿದಾಗ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ದೇವಿಗೆ ಗೊತ್ತಾಗಬಾರದು ಎಂದು ಆಣೆ ಹಾಕಿಸಿಕೊಂಡೆ.

ಊರಿಗೆಲ್ಲ ಹೇಳಿ ಹಗುರಾಗಬೇಕು ಅನ್ನಿಸುತ್ತದೆ. ಮನೆಗೆ ಬಂದರೆ ಅವಳು ಸೊಪ್ಪು ಬಿಡಿಸುತ್ತಾ ರೇಡಿಯೋ ಕೇಳುತ್ತಿರುತ್ತಾಳೆ. ಇವಳು ಇರದಿದ್ದರೆ ಈ ರೇಡಿಯೋ ಹಾಕುವವರು ಯಾರು ಎಂದು ನಿಂತು ನೋಡುತ್ತೇನೆ.

ಆಗಸ್ಟ್ 21, ಗುರುವಾರ

ಮೂರನೇ ಡ್ರಿಪ್. ಪಕ್ಕದ ಹಾಸಿಗೆಗೆ ಬರುತ್ತಿದ್ದ ಗುಂಡ್ಲುಪೇಟೆಯ ಮೇಷ್ಟರು ಇವತ್ತು ಬರಲಿಲ್ಲ. ನರ್ಸನ್ನು ಕೇಳಿದೆ. ಅವಳು ಬೇರೆ ಏನೋ ಮಾತಾಡಿದಳು.

ಸೆಪ್ಟೆಂಬರ್ 17, ಬುಧವಾರ

ನಾಲ್ಕನೇ ಡ್ರಿಪ್ ಆದ ಮೇಲೆ ಸ್ಕ್ಯಾನ್ ಮಾಡಿಸಿದ್ದರು. ಇವತ್ತು ರಿಪೋರ್ಟ್. ಲಿವರಿನಲ್ಲಿದ್ದ ನಾಲ್ಕರಲ್ಲಿ ಎರಡು ಕಾಣಿಸುತ್ತಲೇ ಇಲ್ಲ. ಉಳಿದೆರಡು ಅರ್ಧಕ್ಕೆ ಇಳಿದಿವೆ!

‘ಗುರುತು ಹಿಡಿದುಬಿಟ್ಟಿವೆ’ ಎಂದರು ಚೈತನ್ಯ ಡಾಕ್ಟರು, ಅವರ ಕಣ್ಣೂ ಒದ್ದೆಯಾಗಿತ್ತು. ‘ಇಷ್ಟು ಚೆನ್ನಾಗಿ ಕೆಲಸ ಮಾಡೋದನ್ನ ನಾನೂ ಕಡಿಮೆ ನೋಡಿರೋದು. ಎರಡು ವರ್ಷ ಬಿಡದೆ ಕೊಟ್ಟರೆ…’

ಮೂಲೆ ಅಂಗಡಿಯಿಂದ ಮೈಸೂರ್‌ಪಾಕ್ ತಂದೆ. ಯಾಕೆಂದು ಕೇಳಿದಳು. ಹುಣ್ಣು ಅರ್ಧ ಒಣಗಿದೆ ಎಂದೆ. ಹುಣ್ಣು ಒಣಗಿದ್ದಕ್ಕೆ ಗಂಡಸು ಅಳುತ್ತಾನೆಯೇ ಎಂದು ನಕ್ಕಳು.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ನಮ್ಮಪ್ಪ ನಮ್ಮವ್ವನಿಗೆ ಎಡೆ ಇಟ್ಟೆವು. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ ಎಲ್ಲ ಅವಳೇ ನಿಂತು ಮಾಡಿದಳು, ಬೇಡವೆಂದರೂ ಕೇಳಲಿಲ್ಲ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಂತಿದ್ದಾಗ ನನಗೂ ಬೇಡಿಕೊಳ್ಳುವುದು ಒಂದೇ ಇತ್ತು. ಊಟಕ್ಕೆ ಅವಳಿಗೆ ಮೊಸರನ್ನ ಕೊಟ್ಟೆವು. ಹಬ್ಬದ ದಿನ ಮೊಸರನ್ನವೇ ಎಂದು ಗೊಣಗಿದಳು. ಗೊಣಗಲಿ. ಬದುಕಿದರೆ ಸಾಕು.

ಸೆಪ್ಟೆಂಬರ್ 26, ಶುಕ್ರವಾರ

‘ಹೊಟ್ಟೆ ಹೇಗಿದೆ?’

‘ಚೆನ್ನಾಗದೆ ಕಣ್ರೀ. ದಿನಾ ಅದೇ ಕೇಳ್ತೀರಲ್ಲ.’

ದಸರಾ ದೀಪ ನೋಡಲು ಕರೆದರೆ ಬರಲಿಲ್ಲ, ಕಾಲು ನೋವಂತೆ. ಸಿಂಚನ ಗೆಳತಿಯರ ಜೊತೆ ಹೋದಳು. ಅಡುಗೆಮನೆಯಲ್ಲಿ ದಾಳಿಂಬೆ ಸಿಪ್ಪೆ ಒಣಗಲು ಹಾಕಿದ್ದಳು. ಹಲ್ಲುಪುಡಿಗೆ ಅಂದಳು.

ಸೆಪ್ಟೆಂಬರ್ 29, ಸೋಮವಾರ

ಹೊಟ್ಟೆ ಚೆನ್ನಾಗಿದೆಯಂತೆ. ಮುಖ ಮಾತ್ರ ಬಾಡಿದೆ. ಶುಕ್ರವಾರ ಐದನೇ ಡ್ರಿಪ್ ಇದೆ, ಆಮೇಲೆ ಸರಿಹೋಗಬಹುದು.

ಅಕ್ಟೋಬರ್ 1, ಬುಧವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಆಯುಧ ಪೂಜೆಗೆಂದು ಬೆಳಿಗ್ಗೆ ಸ್ಕೂಟರ್ ತೊಳೆಯುತ್ತಿದ್ದೆ. ಅರಿಶಿನ ಕೊಡು ಎಂದು ನಾಲ್ಕು ಸಲ ಕೂಗಿದರೂ ಉತ್ತರವಿಲ್ಲ. ಒಳಗೆ ಹೋದರೆ ಬಚ್ಚಲ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಸೀರೆಯೆಲ್ಲ ರಕ್ತ. ‘ನೀವ್ ಬರ್ಬ್ಯಾಡಿ, ಗಲೀಜಾಗದೆ’ ಎಂದಳು. ಸಿಕ್ಕಿದ ಆಟೋಗೆ ಬಾಳೆಕಂದು, ಹೂವು ಕಟ್ಟಿದ್ದರು. ಅದರಲ್ಲೇ ಎತ್ತಿ ಹಾಕಿಕೊಂಡು ಬಂದೆ.

ಡಾಕ್ಟರು ಬಗ್ಗಿ, ಯಾವತ್ತಿಂದ ಎಂದು ಕೇಳಿದರು. ಕಣ್ಣು ಮುಚ್ಚಿಕೊಂಡೇ ಹೇಳಿದಳು.

‘ಎಡೆ ಹಬ್ಬದ ಮಾರ್ನೇ ದಿನದಿಂದ ಕಣಮ್ಮ. ದಿನಕ್ಕೆ ಎಂಟತ್ತು ಸಲ. ಮಟನ್ ತಿಂದ್ಬುಟ್ಟಿದ್ದೆ. ಅತ್ತೆ ಎಡೇದು, ಬ್ಯಾಡ ಅನ್ಬಾರ್ದು ಅಂತ ಎರಡೇ ಎರಡು ಚೂರು. ಇವ್ರು ಮುಟ್ಬ್ಯಾಡ ಅಂದಿದ್ರು. ಬಯ್ತಾರೆ ಅಂತ ಹೇಳ್ಲಿಲ್ಲ. ಸಿಪ್ಪೆ ಕಷಾಯ ಕುಡ್ದೆ. ಸರೋಜನ್ ಕೈಲಿ ಭೇದಿ ನಿಲ್ಲೋ ಮಾತ್ರೆ ತರಿಸ್ಕಂಡೆ.’

ಡಾಕ್ಟರು ನನ್ನನ್ನು ಹೊರಗೆ ಕರೆದರು. ‘ಮಟನ್ ತಿನ್ನಬಾರದು ಅಂತ ಯಾರು ಹೇಳಿದ್ದು?’

ನಾನೇ ಎಂದೆ.

‘ಕಾರ್ಡ್ ಎಲ್ಲಿ?’

ಬೀರುವಿನಲ್ಲಿದೆ ಎಂದೆ. ಅದರಲ್ಲಿ ಕಾಯಿಲೆಯ ಹೆಸರು ಇತ್ತು, ಅದಕ್ಕೆ ಎಂದೆ. ಆಕೆ ನನ್ನನ್ನೇ ನೋಡಿದರು. ಬಯ್ದಿದ್ದರೆ ಚೆನ್ನಾಗಿತ್ತು. ‘ಹತ್ತು ದಿನ’ ಎಂದಷ್ಟೇ ಹೇಳಿ ಒಳಗೆ ಓಡಿದರು.

ಅಕ್ಟೋಬರ್ 3, ಶುಕ್ರವಾರ

ಕರುಳು ತೂತಾಗಿಲ್ಲವಂತೆ. ಸ್ಟೀರಾಯ್ಡ್ ಏರಿಸುತ್ತಿದ್ದಾರೆ. ಕೆರಳಿದ ಕಾವಲಿನವನ್ನೆಲ್ಲ ಮಲಗಿಸಬೇಕಂತೆ.

‘ಅವು ಮಲಗಿದ್ರೆ ಆ ಗೆಡ್ಡೆ?’

‘ಮೊದಲು ಇವರು ಉಳೀಲಿ’ ಎಂದರು.

ಅಕ್ಟೋಬರ್ 6, ಸೋಮವಾರ

ಕಾರಣ ಮಟನ್ ಅಲ್ಲವೇ ಅಲ್ಲ ಎಂದರು ಡಾಕ್ಟರು. ಎಡೆಯ ಊಟ ಮಾಡದಿದ್ದರೂ ಹೀಗೇ ಆಗುತ್ತಿತ್ತು. ಆದರೆ ಮೊದಲ ದಿನವೇ ಬಂದಿದ್ದರೆ ಮಾತ್ರೆಯಲ್ಲಿ ನಿಲ್ಲುತ್ತಿತ್ತು, ಸ್ವಲ್ಪ ದಿನ ಬಿಟ್ಟು ಔಷಧಿ ಮತ್ತೆ ಕೊಡಲೂ ಆಗುತ್ತಿತ್ತು. ಈಗ ಕೊಡುವ ಹಾಗೇ ಇಲ್ಲ. ಇನ್ನೆಂದೂ ಇಲ್ಲ. ಕೊಟ್ಟರೆ ಅದೇ ಕೊಲ್ಲುತ್ತದೆ.

ಕೆಲಸ ಮಾಡುತ್ತಿದ್ದ ಔಷಧಿ. ಗುರುತು ಹಿಡಿದಿತ್ತು, ಅರ್ಧ ಮುಗಿಸಿತ್ತು. ನಿಲ್ಲಿಸಿದ್ದು ನಾನು. ಮೊದಲು ಪುಟ್ಟಣ್ಣನ ಮೇಲೆ ಸಿಟ್ಟು ಬಂತು, ಆಮೇಲೆ ಸರೋಜಮ್ಮನ ಮೇಲೆ, ಆಮೇಲೆ ಎರಡು ಚೂರು ಮಟನ್ ತಿಂದವಳ ಮೇಲೂ ಬಂತು. ಅವರು ಯಾರೂ ಆ ಕಾರ್ಡು ನೋಡಿಯೇ ಇರಲಿಲ್ಲ. ಹತ್ತು ದಿನ ಒಂದೇ ಸೂರಿನಡಿ ಅವಳು ದಿನಕ್ಕೆ ಎಂಟು ಸಲ ಬಚ್ಚಲಿಗೆ ಹೋಗಿದ್ದಾಳೆ. ನಾನು ಕೇಳಿದೆ, ಚೆನ್ನಾಗದೆ ಅಂದಳು, ಮನೆಯವಳಲ್ಲವೇ ಎಂದು ನಂಬಿ ಪೇಪರು ಓದಿದೆ.

ಅಕ್ಟೋಬರ್ 17, ಶುಕ್ರವಾರ

ಮನೆಗೆ ಬಂದೆವು. ಹೊರಡುವ ಮೊದಲು ಡಾಕ್ಟರು ನನಗೆ ಹೇಳಿದರು: ‘ನವೆಂಬರ್ ಸ್ಕ್ಯಾನಿಗೆ ಬರೋ ಹೊತ್ತಿಗೆ ಅವರಿಗೆ ಗೊತ್ತಿರಬೇಕು. ನೀವು ಹೇಳದಿದ್ರೆ ನಾನು ಹೇಳ್ತೀನಿ.’

ಆಟೋದಲ್ಲಿ ದೇವಿ ನನ್ನ ಕೈ ಹಿಡಿದುಕೊಂಡಳು. ‘ನನ್ ನಾಲಿಗೆ ಚಪಲಕ್ಕೆ ನಿಮ್ಗೂ ಮಗೀಗೂ ಎಷ್ಟ್ ಹಿಂಸೆ ಆಯ್ತು. ತಪ್ಪಾಯ್ತು ಕಣ್ರೀ.’

ಅಲ್ಲ ಎನ್ನಲು ಬಾಯಿ ತೆರೆದೆ. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾಳೆ. ‘ಇರಲಿ ಬಿಡು’ ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾನು ಅವಳನ್ನು ಕ್ಷಮಿಸಿದ ಹಾಗಾಯಿತಲ್ಲ.

ಡ್ರಿಪ್ ಯಾವಾಗ ಎಂದಳು. ಇನ್ನು ಬೇಡವಂತೆ ಎಂದೆ.

‘ಹಂಗಾರೆ ವಾಸಿ ಆಯ್ತಾ?’

ಹೂಂ ಎಂದೆ.

ಅಕ್ಟೋಬರ್ 30, ಗುರುವಾರ

ಸ್ಟೀರಾಯ್ಡಿನಿಂದ ಹಸಿವು ಹೆಚ್ಚಿದೆ. ಕೆನ್ನೆ ತುಂಬಿಕೊಂಡಿದೆ. ಬೀದಿಯವರು ‘ಮೈ ಕೈ ತುಂಬ್ಕಂಡು ಲಕ್ಷಣವಾಗಿದ್ದೀರ’ ಎನ್ನುತ್ತಾರೆ. ಅವಳು ಕನ್ನಡಿ ನೋಡಿಕೊಂಡು ಖುಷಿಪಡುತ್ತಾಳೆ. ನನಗೆ ಆ ಮುಖ ನೋಡಲಾಗುವುದಿಲ್ಲ.

ಸಿಂಚನ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ.

ನವೆಂಬರ್ 9, ಭಾನುವಾರ

ಹುಣ್ಣು ವಾಸಿಯಾಯಿತಲ್ಲ, ಕಾರ್ತಿಕ ಶುಕ್ರವಾರ ಐದು ಜನ ಮುತ್ತೈದೆಯರಿಗೆ ಊಟ ಹಾಕಿ ಅರಿಶಿನ ಕುಂಕುಮ ಕೊಡುತ್ತೇನೆ ಎಂದು ಕೂತಿದ್ದಾಳೆ. ‘ಈಗ ಬ್ಯಾಡ, ಸುಸ್ತಾಗುತ್ತೆ’ ಎಂದೆ. ‘ತಾಯಿ ಜೀವ ಉಳಿಸವ್ಳೆ, ಒಂದ್ ಹಿಡಿ ಅನ್ನ ಹಾಕಕ್ಕೂ ಬ್ಯಾಡ ಅಂತೀರಲ್ಲ’ ಎಂದು ಮುಖ ಊದಿಸಿಕೊಂಡಳು. ಇವತ್ತೇ ಹೇಳಿಬಿಡೋಣ ಎಂದು ಎರಡು ಸಲ ಅಡುಗೆಮನೆಗೆ ಹೋದೆ. ಎರಡು ಸಲವೂ ನೀರು ಕುಡಿದು ಬಂದೆ.

ನವೆಂಬರ್ 14, ಶುಕ್ರವಾರ

ಇದನ್ನು ಪೂರ್ತಿ ಬರೆಯಬೇಕು.

ಸಿಂಚನ ರಜೆ ಹಾಕಿದ್ದಳು. ದೇವಿ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಹಸಿರು ಸೀರೆ ಉಟ್ಟಳು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಕೋಸಂಬರಿ, ಹುರುಳಿಕಾಯಿ ಪಲ್ಯ, ಎಲ್ಲಕ್ಕೂ ತಾನೇ ಕೈ ಹಾಕಿದಳು. ಎದುರು ಮನೆ ಸರೋಜಮ್ಮ, ಹಿಂದಿನ ಬೀದಿಯ ಸುಮಿತ್ರಮ್ಮ, ಪುಟ್ಟಣ್ಣನ ಹೆಂಡತಿ ಪುಟ್ಟಲಿಂಗಮ್ಮ, ಇನ್ನಿಬ್ಬರು ನೆಂಟರ ಹೆಂಗಸರು ಬಂದು ಹಜಾರದಲ್ಲಿ ಸಾಲಾಗಿ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಅವಳು ಒಂದೊಂದು ಎಲೆಗೂ ಬಗ್ಗಿ ಬಡಿಸಿದಳು. ‘ನಾನ್ ಉಳ್ಕತೀನಿ ಅಂತ ಇರ್ಲಿಲ್ಲ ಕಣ್ರವ್ವ. ಆಯುಧ ಪೂಜೆ ದಿನ ಹೋಗೇಬುಟ್ಟೆ ಅಂದ್ಕೊಂಡೆ. ನಿಮ್ಮ ಬಾಯಿ ಹರಕೆ, ಎದ್ದು ಓಡಾಡ್ತಾ ಇವ್ನಿ. ಇನ್ನೊಂದ್ ಒಬ್ಬಟ್ಟು ಹಾಕಿಸ್ಕಳಿ ಅತ್ತಿಗೆ.’

ಯಾರೂ ತಲೆ ಎತ್ತಲಿಲ್ಲ. ಐದು ಎಲೆಗಳ ಮುಂದೆ ಐದು ತಲೆ ಬಗ್ಗಿದ್ದವು. ಸುಮಿತ್ರಮ್ಮ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದರು. ದೇವಿ ತುಪ್ಪ ಹಾಕಲು ಸರೋಜಮ್ಮನ ಎಲೆಗೆ ಬಂದಾಗ ಅವಳ ಕಣ್ಣಿನಿಂದ ನೀರು ಎಲೆಯ ಮೇಲೇ ಬಿತ್ತು.

‘ಸಾರು ಖಾರ ಆಯ್ತೇನೇ ಸರೋಜ?’

‘ನಾನ್ ಅವತ್ತೇ ಅಣ್ಣಂಗೆ ಹೇಳ್ಬೇಕಾಗಿತ್ತು ಕಣಕ್ಕ’ ಎಂದು ಸರೋಜಮ್ಮ ಬಿಕ್ಕಿದಳು. ‘ನೀನ್ ಬ್ಯಾಡ ಅಂದೆ ಅಂತ ಮಾತ್ರೆ ತಂದ್ಕೊಟ್ಟು ಸುಮ್ಕಾದೆ. ಹೇಳ್ಬುಟ್ಟಿದ್ರೆ ಆ ಔಷ್ದಿ ನಿಲ್ಲುಸ್ತಿರ್ಲಿಲ್ಲ. ನಿನ್ ಜೀವಾನಾದ್ರೂ—’

ಪುಟ್ಟಲಿಂಗಮ್ಮ ಎಡಗೈಯಲ್ಲಿ ಅವಳ ತೊಡೆ ಹಿಂಡಿದ್ದು ನನಗೆ ಕಾಣಿಸಿತು. ದೇವಿಗೂ ಕಾಣಿಸಿತು.

ಅವಳು ತುಪ್ಪದ ಗಿಂಡಿಯನ್ನು ನೆಟ್ಟಗೆ ಹಿಡಿದುಕೊಂಡಳು. ಆಮೇಲೆ ಉಳಿದ ಎಲೆಗಳಿಗೆ ತುಪ್ಪ ಹಾಕಿದಳು. ಮಜ್ಜಿಗೆ ಬಡಿಸಿದಳು. ಊಟವಾದ ಮೇಲೆ ಒಬ್ಬೊಬ್ಬರಿಗೂ ಅರಿಶಿನ ಕುಂಕುಮ, ಎಲೆ ಅಡಿಕೆ, ರವಿಕೆ ಬಟ್ಟೆ ಕೊಟ್ಟು ಕಾಲು ಮುಟ್ಟಿ ಬಾಗಿಲವರೆಗೆ ಕಳಿಸಿದಳು. ಒಂದು ಶಾಸ್ತ್ರವನ್ನೂ ಬಿಡಲಿಲ್ಲ.

ಬಾಗಿಲು ಹಾಕಿ ಬಂದು ನನ್ನೆದುರು ನಿಂತಳು. ‘ನನಗೆ ಏನಾಗದೆ?’

‘ಅದೇ, ಕರುಳಿನ…’

‘ನನ್ ಮಕ ನೋಡ್ಕಂಡು ಹೇಳಿ.’

ಹೇಳಿದೆ. ಹೆಸರು ಬಾಯಿಂದ ಬರಲು ಬಹಳ ಹೊತ್ತು ಹಿಡಿಯಿತು. ಲಿವರಿನದೂ ಹೇಳಿದೆ. ಔಷಧಿ ಕೆಲಸ ಮಾಡಿದ್ದು, ನಿಂತದ್ದು, ಕಾರ್ಡು, ಎಲ್ಲ ಹೇಳಿದೆ. ಅವಳು ಅಳುತ್ತಾಳೆ, ಕುಸಿಯುತ್ತಾಳೆ ಎಂದು ಹಿಡಿಯಲು ಹತ್ತಿರ ಹೋದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

‘ಸರೋಜಂಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಅತ್ತಿಗೆಗೆ?’

‘ಪುಟ್ಟಣ್ಣ ಹೇಳಿರ್ತಾನೆ.’

‘ಸುಮಿತ್ರಮ್ಮಂಗೆ?’

ಹೂಂ ಎಂದು ತಲೆಯಾಡಿಸಿದೆ. ಅವಳು ತಿರುಗಿ, ಎಂಜಲೆಲೆ ಎತ್ತುತ್ತಿದ್ದ ಮಗಳನ್ನು ನೋಡಿದಳು. ಸಿಂಚನ ಎಲೆಗಳನ್ನು ಹಿಡಿದುಕೊಂಡೇ ಅಲ್ಲಿ ಕೂತು ಅಳತೊಡಗಿದಳು.

‘ಉಂಡೋದೋರಿಗೆಲ್ಲ ಗೊತ್ತಿತ್ತು’ ಎಂದಳು ದೇವಿ. ‘ಬಡಿಸ್ದೋಳೊಬ್ಳಿಗೇ ಗೊತ್ತಿರ್ಲಿಲ್ಲ.’

ಆಮೇಲೆ ನನ್ನ ಕಡೆ ತಿರುಗಿದಳು. ‘ಹಂಗಾರೆ ಮಟನ್ ತಿಂದಿದ್ದಕ್ಕಲ್ವಾ?’

‘ಅಲ್ಲ.’

‘ಒಂದ್ ತಿಂಗ್ಳಿಂದ ನಿಮ್ ತಾವ ತಪ್ಪಾಯ್ತು ತಪ್ಪಾಯ್ತು ಅಂತಿದ್ನಲ್ರೀ. ಕೇಳುಸ್ಕಂಡು ಸುಮ್ಕಿದ್ರಲ್ಲ.’

ಅವಳು ಪಾತ್ರೆಗಳನ್ನು ಹಿತ್ತಿಲಿಗೆ ಹಾಕಿಕೊಂಡು ತೊಳೆಯತೊಡಗಿದಳು. ಸಿಂಚನ ಹೋದರೆ ಬೇಡವೆಂದಳು.

ನವೆಂಬರ್ 15, ಶನಿವಾರ

ಮಾತಿಲ್ಲ.

ನವೆಂಬರ್ 16, ಭಾನುವಾರ

ಮಾತಿಲ್ಲ. ಅಡುಗೆ ಮಾಡಿ ಮುಚ್ಚಿಡುತ್ತಾಳೆ. ಪುಟ್ಟಣ್ಣ ಬಂದು ಬಾಗಿಲಲ್ಲಿ ನಿಂತು ‘ನಿನ್ ಒಳ್ಳೇದಕ್ಕೇ ಕಣವ್ವ’ ಎಂದ. ‘ಅವ್ವ ಹೆಸ್ರು ಕೇಳಿ ಸತ್ಲು ಅಂತೀಯ. ಅವ್ಳು ಗ್ವಾಡೆ ಕಡೆ ತಿರುಗ್ಕಂಡಿದ್ದು ನೀವೆಲ್ಲ ಅವಳ ತಾವ ಮಾತಾಡೋದ್ ಬುಟ್ಟಿದ್ರಿಂದ. ನಾನ್ ನೋಡಿವ್ನಿ’ ಎಂದಳು. ಅವನು ಕಾಫಿ ಕುಡಿಯದೆ ಹೋದ.

ನವೆಂಬರ್ 19, ಬುಧವಾರ

ಕಾರ್ಡು ಕೇಳಿದಳು, ಕೊಟ್ಟೆ. ಕಿಟಕಿಯ ಹತ್ತಿರ ಕೂತು ಎರಡೂ ಕಡೆ ಓದಿದಳು. ಆಮೇಲೆ ಸಿಂಚನಳನ್ನು ಕೂರಿಸಿಕೊಂಡು ತನ್ನ ಮೈಯಲ್ಲಿ ಏನೇನು ನಡೆಯಿತು ಎಂದು ಮೊದಲಿಂದ ಹೇಳಿಸಿಕೊಂಡಳು. ಸಿಂಚನ ಮಕ್ಕಳಿಗೆ ಹೇಳುವ ಹಾಗೆ ಕಾಗದದ ಮೇಲೆ ಕೋಶ ಬರೆದು, ಅದರ ಗೋಡೆಯ ಮೇಲೆ ಚೂರುಗಳನ್ನು ಬರೆದು ತೋರಿಸಿದಳು.

‘ಹಂಗಾರೆ ಒಳ್ಗಡೆ ಇರೋದು ಹೊರ್ಗಡೆ ತೋರಿಸ್ಲೇಬೇಕಾ?’

‘ತೋರಿಸಿದ್ರೇನೇ ಅಮ್ಮ ಗೊತ್ತಾಗೋದು.’

‘ಹುಂ’ ಎಂದಳು. ನಾನು ನಡುಮನೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ.

ನವೆಂಬರ್ 24, ಸೋಮವಾರ

ಸ್ಕ್ಯಾನ್ ಶುಕ್ರವಾರ ಆಗಿತ್ತು. ಇವತ್ತು ರಿಪೋರ್ಟ್. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ ನಿಂತೆ. ಸಿಂಚನ ಬರುತ್ತೇನೆ ಎಂದರೂ ಶಾಲೆಗೆ ಕಳಿಸಿದ್ದಳು. ನನಗೂ ಬರಬೇಡಿ ಎನ್ನುತ್ತಾಳೇನೋ ಎಂದು ಹೆದರಿದ್ದೆ, ಅನ್ನಲಿಲ್ಲ.

ಒಂದು ಗಂಟೆ ಕಾದೆವು. ಆಮೇಲೆ ನರ್ಸು ಬಾಗಿಲಲ್ಲಿ ನಿಂತು ಕೂಗಿದಳು. ‘ದೇವಿರಮ್ಮ ಕಡೆಯವರು ಬನ್ನಿ.’

ಅಭ್ಯಾಸದ ಮೇಲೆ ನಾನು ಎದ್ದೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು.

‘ನೀವ್ ಕೂತ್ಕಳಿ. ದೇವಿರಮ್ಮ ನಾನೇ.’

ಒಳಗೆ ಹೋದಳು. ಬಾಗಿಲು ಮುಚ್ಚಿತು. ಇಪ್ಪತ್ತೈದು ನಿಮಿಷ. ಒಂದು ಸಲ ಡಾಕ್ಟರ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಒಂದು ಸಲ ಇವಳು ಏನೋ ಕೇಳಿದಳು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಎದ್ದು ಬಾಗಿಲಿಗೆ ಕಿವಿ ಕೊಡಬೇಕು ಅನ್ನಿಸಿತು. ಕೂತ್ಕಳಿ ಎಂದಿದ್ದಳಲ್ಲ, ಬೆಂಚಿನ ಮೇಲೇ ಕೂತೆ.

ಹೊರಗೆ ಬಂದಾಗ ರಿಪೋರ್ಟಿನ ಕವರು ಅವಳ ಕೈಯಲ್ಲೇ ಇತ್ತು. ಕಣ್ಣು ಕೆಂಪಾಗಿತ್ತೋ, ಅದು ಸ್ಟೀರಾಯ್ಡಿನದೋ ಗೊತ್ತಾಗಲಿಲ್ಲ. ಕವರನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

‘ಏನಂದ್ರು?’ ಎಂದೆ. ಮತ್ತೊಂದು ಸಲ ಕೇಳಿದೆ. ‘ದೇವಿ, ಏನಂದ್ರೇ ಅವ್ರು?’

‘ಹೇಳಿದ್ರು’ ಎಂದಳು. ‘ನನಗೆ.’

ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ನಾನು ಹಿಂದೆ ನಡೆದೆ.